ಎರಡನೆಯ ತೋಟೆ

ಎದೆಯ ಅಳತೆಯಲ್ಲಿ ಅರ್ಧ ಇಂಚು ಕಮ್ಮಿ ಬಿದ್ದು
ಮಡಿಕೇರಿಯ ಭರ್ತಿ ಮೈದಾನದಿಂದ ನಾನು ಹಿಂದೆ ಬಂದೆ.
ಉತ್ತಯ್ಯ ಬರಲಿಲ್ಲ.
ಅವನ ಎದೆಯನ್ನು ಕೊತ್ತಗೂಡೆಂನ ಗಣಿ ಹಿಗ್ಗಿಸಿತ್ತು
ಎರಡು ವರ್ಷ, ಸಲಿಕೆ ಸಲಿಕೆಯಾಗಿ.
ಡಾಕ್ಟರು ಗುರುತಿನ ಚಿಹ್ನೆ ಹುಡುಕಿದರು:
ಎಡಹುಬ್ಬಿನ ಮೇಲೊಂದು ನೀಲಿ ಗೆರೆ.
ಹಚ್ಚೆಯಾ?
ಅಲ್ಲ ಸಾರ್, ಗಾಯ. ಮಾಯುವಾಗ ಇದ್ದಿಲಪುಡಿ ಒಳಗೇ ಉಳಿಯಿತು.
ಅದನ್ನೇ ಬರೆದುಕೊಂಡರು.

ಅವನನ್ನು ಗಣಿಗೆ ಅಟ್ಟಿದ್ದು ಬಡತನವೂ ಅಲ್ಲ, ಜಗಳವೂ ಅಲ್ಲ,
ಹತ್ತನೇ ಕ್ಲಾಸಿನ ಗಣಿತ.
ಪಿಂಚಣಿಯ ಮೇಲೆ ಅಲ್ಲಿ ಗೇಟು ಕಾಯುತ್ತಿದ್ದ ಮಾವ
ಬಾ ಎಂದು ಕಾಗದ ಹಾಕಿದ, ಹೋದ.

ಮೊದಲ ರಜೆಗೆ ಬಂದಾಗ ಕರವಸ್ತ್ರದಲ್ಲಿ
ಅಂಗೈಯಗಲದ ಕಲ್ಲಿದ್ದಲು ಸುತ್ತಿ ತಂದಿದ್ದ.
ಒಂದು ಮೈಯಲ್ಲಿ ಎಲೆಯ ಅಚ್ಚು,
ನಡುನರ ಸಮೇತ.
ಪೊನ್ನವ್ವ ಕಿಟಕಿಯ ಬೆಳಕಿಗೆ ಹಿಡಿದು
"ತೆರ್ಮೆ ಅಲ್ಲವಾ ಇದು!" ಎಂದಳು.
ತೋಡಿನಂಚಿನಲ್ಲಿ ಚಿವುಟಿ ತಂದು
ನಮಗೆ ಬೇಯಿಸಿ ಬಡಿಸುತ್ತಿದ್ದ ಅದೇ ಸೊಪ್ಪು
ಪಾತಾಳದಲ್ಲಿ, ಕಲ್ಲಾಗಿ.

ಆ ರಾತ್ರಿ ಮಲಗುವ ಮುಂಚೆ
ಕೋಲಿನಿಂದ ಅಟ್ಟದ ಹಲಗೆಗೆ ತಟ್ಟಿ ಕಿವಿಗೊಟ್ಟ.
ಠಣ್ ಅಂದರೆ ಗಟ್ಟಿ,
ಡೊಬ್ ಅಂದರೆ ಎದ್ದು ಓಡಬೇಕು.
ನಾನು ನಕ್ಕೆ.
ದೀಪ ಆರಿದ ಮೇಲೆ ಹೇಳಿದ:
ಚಾವಣಿಯ ಭಯ ಅಲ್ಲ ಕಣೋ.
ಅಲ್ಲಿರುವುದೆಲ್ಲ ಕಾಡಂತೆ, ಬಿದ್ದು ಮಲಗಿದ ಕಾಡು.
ನಮ್ಮ ದೇವರಕಾಡಲ್ಲಿ ಒಂದು ಚಕ್ಕೆ ಎತ್ತಿದರೂ
ತಪ್ಪುಕಾಣಿಕೆ ಕಟ್ಟುತ್ತೇವೆ.
ದಿನಕ್ಕೆ ಆರು ಟಬ್ಬು ತುಂಬುತ್ತೇನೆ ನಾನು.
ಯಾವ ದೇವರದ್ದೋ ಏನೋ,
ಯಾರಿಗೆ ಕಟ್ಟಲಿ?

ಮುಂದಿನ ವರ್ಷ ಗಣಿ ಬಿಟ್ಟ. ಭರ್ತಿ. ನನ್ನ ಅರ್ಧ ಇಂಚು.

ಗಡಿಯಿಂದ ಬರೆಯುತ್ತಿದ್ದ:
ಇಲ್ಲಿ ಆಕಾಶ ತೀರಾ ಜಾಸ್ತಿ. ಒಂದು ಮರ ಇಲ್ಲ.
ಕಂದಕ ತೋಡುವುದರಲ್ಲಿ ನನ್ನ ಮುಂದೆ ಯಾರೂ ಇಲ್ಲ,
ಹವಾಲ್ದಾರ ಹೆಗ್ಗಣ ಅಂತಲೇ ಕರೆಯುತ್ತಾನೆ.
ನಿನ್ನ ಎದೆ ಬೆಳೆಯಿತಾ?

ಎಪ್ಪತ್ತೊಂದರ ಪುತ್ತರಿ ಕಳೆದಿತ್ತು.
ಕದಿರು ಕಟ್ಟಿದ ಮಾವಿನೆಲೆ ಬಾಗಿಲಲ್ಲಿ ಒಣಗುತ್ತಿತ್ತು.
ತಂತಿ ಬಂತು.

ಉಳಿದದ್ದು ತಿಳಿದದ್ದು ಆಮೇಲೆ,
ಅವನ ಜೊತೆಗಾರನೊಬ್ಬನ ಪತ್ರದಿಂದ.
ಶೆಲ್ಲು ಬೀಳುತ್ತಿದ್ದವು. ಬಂಕರಿನ ತೊಲೆಗೆ
ಬೆರಳ ಗೆಣ್ಣಿನಿಂದ ತಟ್ಟಿದ.
ಹೊರಗೆ, ಹೊರಗೆ, ಎಂದ.
ನಾವು ನಾಲ್ವರು ಬಂದೆವು.
ನೀಲಿ ಗೆರೆಯಿಂದ ಗುರುತು ಹಿಡಿದೆವು, ಕ್ಷಮಿಸಿ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು. ಕಣಿವೆಗೆಲ್ಲ ಅದೇ ಸುದ್ದಿ.
ಇವನು ಹುಟ್ಟಿದಾಗ ಹೊಡೆದವರು ನನ್ನಪ್ಪ.
ಅದೇ ಕೋವಿ ನನ್ನ ಕೈಗೆ ಬಂತು.
ಜೋಡುನಳಿಗೆ. ಅಂಗಳದ ತುದಿಯಲ್ಲಿ ನಿಂತು
ಒಂದನ್ನು ಹೊಡೆದೆ.
ಎರಡನೆಯದಕ್ಕೆ ಕುದುರೆ ಕಚ್ಚಿತು, ಸದ್ದಿಲ್ಲ.
ತೋಟೆ ನೆನೆದಿತ್ತು.
ಪೆಟ್ಟಿಗೆ ಖಾಲಿ, ಒಳ್ಳೆಯವೆಲ್ಲ ಪುತ್ತರಿಗೆ ಮುಗಿದಿದ್ದವು.
ಪಕ್ಕದ ಮನೆಗೆ ಹುಡುಗನನ್ನು ಓಡಿಸಿದೆವು.

ಅಷ್ಟರಲ್ಲಿ ಗದ್ದೆಯ ಆಚೆಯಿಂದ
ಕೊಯ್ದ ಕೂಳೆ ತುಳಿದುಕೊಂಡು, ಏದುಸಿರು ಬಿಡುತ್ತ
ಸೂಲಗಿತ್ತಿ ಚೋಮಕ್ಕ.
ಮಡಿಲಲ್ಲಿ ಒಣಶುಂಠಿ, ಒಂದಚ್ಚು ಬೆಲ್ಲ,
ಬಾಯ್ತುಂಬ ಸಿಟ್ಟು.
ಈ ಮನೆಯ ಮಕ್ಕಳನ್ನೆಲ್ಲ ಹಿಡಿದ ಕೈ ಇದು,
ಆ ಉತ್ತಯ್ಯ, ಕಾಲು ಮುಂದಾಗಿ ಬಂದವನು, ಅವನನ್ನೂ.
ನನಗೊಂದು ಮಾತು ಹೇಳದೆ
ಯಾರಿಗೆ ಹೆರಿಗೆ ಮಾಡಿಸಿದಿರಿ? ಯಾರಿಗೆ ಗಂಡು?

ಗಂಡಸರು ನೆಲ ನೋಡಿದೆವು.
ಕೋವಿ ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು.

ಪೊನ್ನವ್ವ ಕೈಯಾಲೆಗೆ ಬಂದಳು.
"ನನಗೆ," ಎಂದಳು.
ಸೆರಗೊಡ್ಡಿ ಬೆಲ್ಲ ಇಸಿದುಕೊಂಡಳು.